ಕೆಗ್ ಒಳಗಿನ ಗ್ಯಾಸ್ ಲೆಕ್ಕ: ಡ್ರಾಫ್ಟ್ ಬಿಯರ್‌ಗೆ ಯಾವ ಮಿಶ್ರಣ, ಯಾಕೆ?

 

ನನ್ನ ಕೆಲಸದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಹನ್ನೊಂದು ವರ್ಷ ಸಾಫ್ಟ್‌ವೇರ್‌ನಲ್ಲಿದ್ದೆ. ಈಗ ಪುಣೆಯಲ್ಲಿ ಬಾರ್‌ಗಳಿಗೆ ಡ್ರಾಫ್ಟ್ ಬಿಯರ್ ಲೈನ್ ಹಾಕಿಸಿ ಕೊಡೋದು, ಕೆಟ್ಟಿರೋದನ್ನ ಸರಿ ಮಾಡೋದು ನನ್ನ ಹೊಟ್ಟೆಪಾಡು. ಬಿಯರ್ ಕುಡಿಯೋದು ಬಿಡೋದು ನಿಮ್ಮಿಷ್ಟ, ಅದರ ಬಗ್ಗೆ ನಾನು ಮಾತಾಡಲ್ಲ. ಆದ್ರೆ ನಮ್ಮ ಕಡೆಯ ಹುಡುಗರು ಈಗೀಗ ನಾಲ್ಕೈದು ಜನ ಸೇರಿ, ಉಳಿಸಿದ ದುಡ್ಡು, ಬೋನಸ್ಸು, ಊರಲ್ಲಿ ಮಾರಿದ ಸೈಟಿನ ದುಡ್ಡು ಎಲ್ಲಾ ಒಟ್ಟು ಮಾಡಿ ಟ್ಯಾಪ್‌ರೂಮ್ ಶುರು ಮಾಡ್ತಿದ್ದಾರೆ. ಒಳಾಂಗಣಕ್ಕೆ ಆರ್ಕಿಟೆಕ್ಟ್ ಇಡ್ತಾರೆ, ಮೆನು ಕಾರ್ಡಿಗೆ ಡಿಸೈನರ್ ಇಡ್ತಾರೆ. ಗ್ಯಾಸ್ ಸಿಲಿಂಡರ್ ಮಾತ್ರ "ಸಪ್ಲೈಯರ್ ಏನು ಕೊಡ್ತಾನೋ ಅದು". ಅಲ್ಲೇ ದುಡ್ಡು ನೊರೆಯಾಗಿ ಹರಿದು ಹೋಗೋದು. ಅದಕ್ಕೇ ಇವತ್ತಿನ ವಿಷಯ ಗ್ಯಾಸು.

ಮೊದಲು ಒಂದು ಸಣ್ಣ ಪ್ರಶ್ನೆ. ಕೆಗ್‌ಗೆ ಗ್ಯಾಸ್ ಯಾಕೆ ಬೇಕು? ನೂರಕ್ಕೆ ತೊಂಬತ್ತು ಜನ "ಬಿಯರನ್ನ ನಲ್ಲಿವರೆಗೆ ತಳ್ಳೋಕೆ" ಅಂತಾರೆ. ಸರಿ, ಆದ್ರೆ ಅದು ಅರ್ಧ ಉತ್ತರ. ಗ್ಯಾಸ್ ಎರಡು ಕೆಲಸ ಮಾಡುತ್ತೆ. ಒಂದು ತಳ್ಳೋದು. ಇನ್ನೊಂದು, ಬಿಯರ್ ಒಳಗೆ ಈಗಾಗಲೇ ಕರಗಿರೋ ಕಾರ್ಬನ್ ಡೈಆಕ್ಸೈಡನ್ನ ಹೊರಗೆ ಬರದ ಹಾಗೆ, ಒಳಗೂ ಜಾಸ್ತಿ ಹೋಗದ ಹಾಗೆ ಹಿಡಿದಿಡೋದು. ಈ ಎರಡು ಕೆಲಸಕ್ಕೆ ಬೇಕಾಗೋ ಒತ್ತಡ ಬೇರೆ ಬೇರೆ. ಇವತ್ತಿನ ತಲೆನೋವೆಲ್ಲ ಇಷ್ಟೇ.

ಗೋಲಿ ಸೋಡಾ ಕುಡಿದವರಿಗೆ ಇದು ಕಷ್ಟ ಅಲ್ಲ. ಗೋಲಿ ಬಾಯಿಗೆ ಒತ್ತಿಕೊಂಡು ಕೂತಿರೋವರೆಗೂ ಒಳಗಿನ ನೀರು ಸುಮ್ಮನಿರುತ್ತೆ. ಹೆಬ್ಬೆರಳಿಂದ ಒತ್ತಿದ ತಕ್ಷಣ ಬುಸ್ ಅಂತ ಗುಳ್ಳೆ ಏಳುತ್ತೆ. ಮೇಲಿನ ಒತ್ತಡ ಹೋಯ್ತು, ಕರಗಿದ್ದು ಹೊರಗೆ ಬಂತು. ಮ್ಯಾಂಚೆಸ್ಟರ್‌ನ ವಿಲಿಯಂ ಹೆನ್ರಿ 1803ರಲ್ಲಿ ಇದನ್ನೇ ನಿಯಮ ಮಾಡಿ ಹೇಳಿದ್ದು: ದ್ರವದಲ್ಲಿ ಒಂದು ಅನಿಲ ಎಷ್ಟು ಕರಗುತ್ತೆ ಅನ್ನೋದು ದ್ರವದ ಮೇಲೆ ಆ ಅನಿಲದ ಒತ್ತಡ ಎಷ್ಟಿದೆ ಅನ್ನೋದಕ್ಕೆ ಸರಿಸಮ. ಪಿಯುಸಿ ಕೆಮಿಸ್ಟ್ರಿಯಲ್ಲಿ ಎಲ್ಲರೂ ಓದಿದ್ದೀವಿ, ಸಿಇಟಿ ಮುಗಿದ ಮೇಲೆ ಮರೆತಿದ್ದೀವಿ. ಇಲ್ಲಿ ನೆನಪಿಡಬೇಕಾದ ಪದ "ಆ ಅನಿಲದ". ಒಟ್ಟು ಒತ್ತಡ ಅಲ್ಲ, ಅದರಲ್ಲಿ ಆ ಅನಿಲದ ಪಾಲು.

ಬಿಯರ್‌ನವರು ಕರಗಿದ ಗ್ಯಾಸನ್ನ "ವಾಲ್ಯೂಮ್" ಅನ್ನೋ ಅಳತೆಯಲ್ಲಿ ಹೇಳ್ತಾರೆ. ಮಾಮೂಲಿ ಲಾಗರ್ 2.5 ವಾಲ್ಯೂಮ್ ಅಂದ್ರೆ ಒಂದು ಲೀಟರ್ ಬಿಯರ್ ಒಳಗೆ ಎರಡೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿ ಕೂತಿದೆ. ಗೋಧಿ ಬಿಯರ್, ನಮ್ಮ ಬೆಂಗಳೂರಿನವರ ಪ್ರೀತಿಯ ಹೆಫೆವೈಜನ್, 3 ಅಥವಾ ಅದಕ್ಕಿಂತ ಮೇಲೆ. ಸ್ಟೌಟ್ 1.2ರ ಆಸುಪಾಸು. ಈ ಮೂರು ಅಂಕಿ ತಲೆಯಲ್ಲಿರಲಿ.

ಈಗ ಲಾಗರ್ ತಗೊಳ್ಳೋಣ. ಕೆಗ್ 3.3 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ, ಬಾರು ಮುಂಬೈಯಲ್ಲಿದೆ. 2.5 ವಾಲ್ಯೂಮ್ ಹಾಗೇ ಉಳೀಬೇಕಂದ್ರೆ ಶುದ್ಧ ಕಾರ್ಬನ್ ಡೈಆಕ್ಸೈಡ್ ಮೀಟರಿನಲ್ಲಿ ಸುಮಾರು 11.3 ಪಿಎಸ್‌ಐ ಇರಬೇಕು. ಮೀಟರು ಸೊನ್ನೆ ತೋರಿಸಿದಾಗಲೂ ವಾತಾವರಣದ 14.7 ಪಿಎಸ್‌ಐ ನಮ್ಮೆಲ್ಲರ ಮೇಲೂ ಕೂತಿರುತ್ತೆ, ಅದನ್ನೂ ಕೂಡಿಸಿದ್ರೆ ನಿಜವಾದ ಒತ್ತಡ 26. ಕೌಂಟರ್ ಕೆಳಗೇ ಫ್ರಿಡ್ಜು, ಎರಡು ಮೀಟರ್ ಪೈಪು, ಮೇಲೆ ನಲ್ಲಿ ಅಂದ್ರೆ ಈ 11.3 ತಳ್ಳೋಕೂ ಸಾಕು. ಶುದ್ಧ ಸಿಓಟು ಹಾಕಿ, ಮನೆಗೆ ಹೋಗಿ. ಮಿಶ್ರಣದ ಮಾತೇ ಬೇಡ. ಚಿಕ್ಕ ಬಾರಿಗೆ ಬ್ಲೆಂಡರ್ ಮಾರೋಕೆ ಬಂದವನನ್ನ ಚಹಾ ಕೊಟ್ಟು ಕಳಿಸಿ.

ಕಷ್ಟ ಶುರುವಾಗೋದು ಪೈಪು ಉದ್ದ ಆದಾಗ. ಬಾಣೇರ್ ಕಡೆಯ ಒಂದು ಟ್ಯಾಪ್‌ರೂಮ್ ಉದಾಹರಣೆ ಕೊಡ್ತೀನಿ, ಹೆಸರು ಬೇಡ. ಮೂವರು ಪಾರ್ಟ್ನರ್ಸ್: ಹುಬ್ಬಳ್ಳಿ, ಹಾಸನ, ತುಮಕೂರು. ಮೂವರೂ ಹಗಲು ಹಿಂಜವಡಿಯಲ್ಲಿ ಕೆಲಸ, ರಾತ್ರಿ ಬಾರಲ್ಲಿ. ಬಾಡಿಗೆ ಉಳಿಸೋಕೆ ಕೋಲ್ಡ್ ರೂಮನ್ನ ಬೇಸ್‌ಮೆಂಟಲ್ಲಿ ಹಾಕಿಸಿದ್ರು, ನಲ್ಲಿಗಳು ಮೇಲಿನ ಮಹಡಿಯಲ್ಲಿ. ಎತ್ತರ 6 ಮೀಟರ್, ಪೈಪಿನ ಉದ್ದ 25 ಮೀಟರ್. ಬಿಯರ್ ಒಂದು ಮೀಟರ್ ಮೇಲೇರೋಕೆ ಸುಮಾರು 1.4 ಪಿಎಸ್‌ಐ ತಿನ್ನುತ್ತೆ. ಆರು ಮೀಟರಿಗೆ ಎಂಟೂವರೆ. ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗೋದಕ್ಕೆ ಇನ್ನೊಂದು ಎಂಟು. ನಲ್ಲಿ ಹತ್ತಿರ ವೇಗ ಹದಕ್ಕೆ ತರೋ ಸಣ್ಣ ಪೈಪಿನ ತುಂಡಿಗೆ ಐದು. ಒಟ್ಟು 22.

ಬಿಯರನ್ನ ಹಿಡಿದಿಡೋಕೆ ಬೇಕಾಗಿದ್ದು 11 ಚಿಲ್ಲರೆ, ತಳ್ಳೋಕೆ ಬೇಕಾಗಿದ್ದು 22. ಶುದ್ಧ ಸಿಓಟು 22ಕ್ಕೆ ಇಟ್ರೆ ಮೊದಲ ದಿನ ಚೆನ್ನಾಗಿ ಬರುತ್ತೆ. ಎರಡನೇ ದಿನ ಲೋಟದಲ್ಲಿ ಕಾಲು ಭಾಗ ನೊರೆ, ನಾಲ್ಕನೇ ದಿನ ಹಾಲು ಉಕ್ಕಿದ ಹಾಗೆ. ಹೆಚ್ಚುವರಿ ಒತ್ತಡ ಬಿಯರ್ ಒಳಗೆ ಕರಗ್ತಾ ಹೋಗಿದೆ. ನೊರೆ ನೋಡಿ ಬಾರ್‌ಮನ್ ಏನು ಮಾಡ್ತಾನೆ? ಒತ್ತಡ ಇಳಿಸ್ತಾನೆ. ಆಗ ಪೈಪಿನ ಒಳಗೇ ಗುಳ್ಳೆ ಬಿಡ್ತಾ ಬರುತ್ತೆ, ನೊರೆ ಇನ್ನೂ ಜಾಸ್ತಿ. ಚರಂಡಿಗೆ ಸುರಿಯೋದು ಬಿಟ್ಟು ದಾರಿ ಇಲ್ಲ.

ಇವರಿಗೆ ಸಿಕ್ಕ ಸಪ್ಲೈಯರ್ ಒಬ್ಬ, ಅವನ ಹೆಸರೂ ಬೇಡ, "ಸರ್, ಬಿಯರ್ ಗ್ಯಾಸ್ ಅಂತಾನೇ ಬರುತ್ತೆ, ನೈಟ್ರೋಜನ್ ಮಿಕ್ಸು, ನೊರೆ ನಿಂತು ಹೋಗುತ್ತೆ" ಅಂತ 25 ಪಾಲು ಸಿಓಟು, 75 ಪಾಲು ನೈಟ್ರೋಜನ್ ಇರೋ ಸಿಲಿಂಡರ್ ಕೊಟ್ಟು ಹೋದ. ನೊರೆ ನಿಂತಿದ್ದು ನಿಜ. ಮೂರು ದಿನ ಆದ ಮೇಲೆ ಗುಳ್ಳೆಯೂ ನಿಂತಿತ್ತು. ಗಿರಾಕಿಗಳು ಬಿಯರ್ ಸಪ್ಪೆ ಅಂತ ವಾಪಸ್ ಕಳಿಸೋಕೆ ಶುರು ಮಾಡಿದ್ರು. ಪಾರ್ಟ್ನರ್ಸ್ ಬ್ರೂವರಿಯವರ ಜೊತೆ ಜಗಳಕ್ಕೆ ಬಿದ್ದರು, ಬ್ರೂವರಿಯವರು "ನಮ್ಮ ಕೆಗ್ ಸರಿಯಾಗೇ ಇತ್ತು" ಅಂದ್ರು. ಅವರು ಹೇಳಿದ್ದು ಸರಿ. ಕೆಗ್ ಬಂದಾಗ ಸರಿ ಇತ್ತು, ಇಲ್ಲಿ ಹಾಳಾಯ್ತು. ನನ್ನನ್ನ ಕರೆಯೋ ಹೊತ್ತಿಗೆ ಮೂವರೂ ಒಬ್ಬರಿಗೊಬ್ಬರು ಮಾತಾಡ್ತಾ ಇರಲಿಲ್ಲ.

ಇದರ ಲೆಕ್ಕ ಒಂದೇ ಸಾಲು. ನಿಮಗೆ ಬೇಕಾದ ಸಿಓಟು ಒತ್ತಡವನ್ನ, ವಾತಾವರಣ ಸೇರಿಸಿ, ಒಟ್ಟು ತಳ್ಳೋ ಒತ್ತಡದಿಂದ, ಅದಕ್ಕೂ ವಾತಾವರಣ ಸೇರಿಸಿ, ಭಾಗಿಸಿ. ಮುಂಬೈ ಮಟ್ಟದಲ್ಲಿ ಮೇಲೆ 26, ಕೆಳಗೆ 22 ಮತ್ತು 14.7 ಕೂಡಿದ್ರೆ 36.7. ಭಾಗಿಸಿದ್ರೆ 0.71. ಅಂದ್ರೆ ಸುಮಾರು 70 ಪಾಲು ಕಾರ್ಬನ್ ಡೈಆಕ್ಸೈಡ್, 30 ಪಾಲು ನೈಟ್ರೋಜನ್. ಇಷ್ಟೇ. ನೈಟ್ರೋಜನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಐವತ್ತು ಅರವತ್ತು ಪಟ್ಟು ಕಡಿಮೆ ಕರಗುತ್ತೆ, ಹಾಗಾಗಿ ಅದು ಬೆನ್ನಿಗೆ ಕೈ ಕೊಟ್ಟು ತಳ್ಳುತ್ತೆ, ಒಳಗೆ ಬಂದು ಸಂಸಾರ ಹೂಡಲ್ಲ. 25 ಪಾಲಿನ ಸಿಲಿಂಡರ್ ಹಾಕಿದಾಗ ಏನಾಗಿತ್ತು ನೋಡಿ: 36.7ರ ಕಾಲು ಭಾಗ 9. ಬೇಕಾಗಿದ್ದು 26. ಉಳಿದ ಗ್ಯಾಸ್ ಬಿಯರ್ ಬಿಟ್ಟು ಕೆಗ್ಗಿನ ಖಾಲಿ ಜಾಗಕ್ಕೆ ಎದ್ದು ಹೋಯ್ತು.

ಹಾಗಾದ್ರೆ ಆ 25-75 ಮಿಶ್ರಣ ಯಾರಿಗೆ? ಸ್ಟೌಟ್‌ಗೆ. ಇದೊಂದು ಒಳ್ಳೆ ಕಥೆ, ಸ್ವಲ್ಪ ಹೊತ್ತು ಹೇಳ್ತೀನಿ.

ಡಬ್ಲಿನ್‌ನ ಗಿನ್ನೆಸ್ ಕಂಪನಿಗೆ ಲೆಕ್ಕದವರನ್ನ ಕೆಲಸಕ್ಕೆ ಇಟ್ಕೊಳ್ಳೋ ಹಳೇ ಅಭ್ಯಾಸ. ನಮ್ಮಲ್ಲಿ ಎ-ಬಿ ಟೆಸ್ಟ್ ಮಾಡೋರೆಲ್ಲ ಬಳಸೋ ಸ್ಟೂಡೆಂಟ್ಸ್ ಟಿ-ಟೆಸ್ಟ್ ಇದೆಯಲ್ಲ, ಅದರ "ಸ್ಟೂಡೆಂಟ್" ಗಿನ್ನೆಸ್‌ನಲ್ಲಿದ್ದ ವಿಲಿಯಂ ಗಾಸೆಟ್. 1908ರಲ್ಲಿ ಆ ಗುಪ್ತನಾಮದಲ್ಲಿ ಪ್ರಬಂಧ ಬರೆದ. ಅದೇ ಸಾಲಿನಲ್ಲಿ 1950ರ ದಶಕದಲ್ಲಿ ಬಂದವರು ಮೈಕೆಲ್ ಆಶ್, ಕೇಂಬ್ರಿಡ್ಜ್‌ನ ಗಣಿತಜ್ಞ. ಅವರ ಮುಂದಿದ್ದ ಸಮಸ್ಯೆ: ಐರ್ಲೆಂಡಿನ ಪಬ್ಬುಗಳಲ್ಲಿ ಸ್ಟೌಟ್ ಬಗ್ಗಿಸೋಕೆ ಎರಡು ಪೀಪಾಯಿ ಬೇಕಿತ್ತು, ಒಂದು ಜೋರು ನೊರೆಯದ್ದು, ಒಂದು ಸಪ್ಪೆಯದ್ದು. ಎರಡನ್ನೂ ಹದವಾಗಿ ಸೇರಿಸೋಕೆ ಕೈ ಪಳಗಿರಬೇಕು. ಒಂದೇ ಕೆಗ್ಗಿನಿಂದ, ಯಾರು ಬಗ್ಗಿಸಿದ್ರೂ ಅದೇ ನೊರೆ ಬರೋ ಹಾಗೆ ಮಾಡೋದು ಹೇಗೆ? ಅವರು ಹಿಡಿದ ಉತ್ತರ ನೈಟ್ರೋಜನ್. 1959ರಲ್ಲಿ, ಕಂಪನಿ ಶುರುವಾಗಿ 200 ವರ್ಷ ತುಂಬಿದಾಗ, ಡ್ರಾಫ್ಟ್ ಗಿನ್ನೆಸ್ ಹೊರಗೆ ಬಂತು.

ಅದು ಯಾಕೆ ಕೆಲಸ ಮಾಡುತ್ತೆ ಅಂತ ನಮ್ಮ ಅದೇ ಒಂದು ಸಾಲಿನ ಲೆಕ್ಕದಲ್ಲಿ ನೋಡಿ. ಸ್ಟೌಟ್ 1.2 ವಾಲ್ಯೂಮ್. 3.3 ಡಿಗ್ರಿಯಲ್ಲಿ ಅದನ್ನ ಹಿಡಿದಿಡೋಕೆ ಬೇಕಾದ ಸಿಓಟು ಒತ್ತಡ ವಾತಾವರಣ ಸೇರಿಸಿ ಸುಮಾರು 12.2. ಆದ್ರೆ ವಾತಾವರಣವೇ 14.7! ಅಂದ್ರೆ ಶುದ್ಧ ಸಿಓಟು ಹಾಕೋದಾದ್ರೆ ಮೀಟರ್ ಸೊನ್ನೆಗಿಂತ ಕೆಳಗಿರಬೇಕು. ಸೊನ್ನೆಗಿಂತ ಕೆಳಗಿರೋ ಒತ್ತಡದಲ್ಲಿ ಬಿಯರ್ ನಲ್ಲಿಗೆ ಬರುತ್ತಾ? ಕೆಗ್ ತಲೆಕೆಳಗೆ ಮಾಡಿ ಸುರೀಬೇಕು ಅಷ್ಟೇ. ಮಿಶ್ರಣ ಇಲ್ಲಿ ಐಚ್ಛಿಕ ಅಲ್ಲ, ಅದೊಂದೇ ದಾರಿ. 25 ಪಾಲು ಸಿಓಟು ಇರೋ ಗ್ಯಾಸನ್ನ 34 ಪಿಎಸ್‌ಐಗೆ ಇಟ್ರೆ ಒಟ್ಟು 48.7, ಅದರ ಕಾಲು 12.2. ಕರಾರುವಾಕ್ಕಾಗಿ ಕೂಡುತ್ತೆ. ಆ ಜೋರು ಒತ್ತಡದಲ್ಲಿ ಸ್ವಲ್ಪ ನೈಟ್ರೋಜನ್ನೂ ಕರಗಿರುತ್ತೆ. ನಲ್ಲಿಯಲ್ಲಿರೋ ಸಣ್ಣ ತೂತುಗಳ ತಟ್ಟೆ ದಾಟುವಾಗ ಅದು ಅತಿ ಸಣ್ಣ ಗುಳ್ಳೆಯಾಗಿ ಒಡೆದು, ಎತ್ತಿ ಹೊಯ್ದ ಫಿಲ್ಟರ್ ಕಾಫಿ ಮೇಲಿನ ನೊರೆ ತರ ದಪ್ಪಗೆ ಕೂರುತ್ತೆ. ಮೊದಲ ಸಲ ಈ ಅಂಕಿ ಕೂಡಿದ್ದು ನೋಡಿದಾಗ ನನಗೆ ಟೆಸ್ಟ್ ಕೇಸೆಲ್ಲಾ ಹಸಿರಾದಷ್ಟು ಖುಷಿಯಾಗಿತ್ತು.

ಹೆಫೆವೈಜನ್ ಇದಕ್ಕೆ ಉಲ್ಟಾ. 3 ವಾಲ್ಯೂಮ್ ಹಿಡಿಯೋಕೆ 16.5 ಪಿಎಸ್‌ಐ ಸಿಓಟು ಬೇಕು. ಅದೇ 22ರ ಲೈನಿಗೆ ಹಾಕಿದ್ರೆ 85 ಪಾಲು ಸಿಓಟು ಬೇಕಾಗುತ್ತೆ. 70-30 ಹಾಕಿದ್ರೆ ನಿಧಾನವಾಗಿ ಎರಡೂವರೆಗೆ ಇಳಿಯುತ್ತೆ. ಹಾಗಂತ ಮೂರನೇ ಮಿಶ್ರಣ ಕೊಳ್ಳಿ ಅಂತ ನಾನು ಹೇಳಲ್ಲ. ಈ ಕರಗೋದು ಬಿಡೋದು ನಿಮಿಷದಲ್ಲಿ ಆಗೋ ಕೆಲಸ ಅಲ್ಲ, ದಿನಗಟ್ಟಲೆ ಹಿಡಿಯುತ್ತೆ. ಶನಿವಾರ ಹಾಕಿದ ಕೆಗ್ ಭಾನುವಾರ ಖಾಲಿ ಆಗೋ ಹಾಗಿದ್ರೆ ಗಿರಾಕಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ವಾರಗಟ್ಟಲೆ ಕೂರೋ ಕೆಗ್ಗಿಗೆ ಮಾತ್ರ ಮಿಶ್ರಣ ಕರಾರುವಾಕ್ಕಾಗಿರಬೇಕು. ಹೆಫೆವೈಜನ್ ನಲ್ಲಿಯನ್ನ ಕೋಲ್ಡ್ ರೂಮಿಗೆ ಹತ್ತಿರ ಇಟ್ಟು ಶುದ್ಧ ಸಿಓಟು ಕೊಡೋದು ನನ್ನ ಸಲಹೆ. ಇಲ್ಲಾಂದ್ರೆ ಬಿಯರ್ ಪಂಪ್ ಇದೆ: ಕೆಗ್ ಮೇಲೆ ಹದವಾದ ಸಿಓಟು, ತಳ್ಳೋ ಕೆಲಸ ಪಂಪಿಗೆ. ಬಾಣೇರಿನ ಟ್ಯಾಪ್‌ರೂಮಿಗೆ ಕೊನೆಗೆ ಎರಡು ಮಿಶ್ರಣ ಕೊಡೋ ಬ್ಲೆಂಡರ್ ಹಾಕಿಸಿದ್ವಿ, ಲಾಗರ್ ಮತ್ತು ಏಲ್‌ಗಳಿಗೆ ಒಂದು, ಸ್ಟೌಟ್‌ಗೆ ಒಂದು. ಹೆಫೆವೈಜನ್ ವಾರಾಂತ್ಯಕ್ಕೆ ಮಾತ್ರ.

ಈಗ ಊರಿನ ಎತ್ತರದ ಮಾತು. ಇದನ್ನ ಯಾರೂ ಹೇಳಿ ಕೊಡಲ್ಲ. ಇಲ್ಲಿವರೆಗೆ 14.7, 14.7 ಅಂತ ಹೇಳ್ತಾ ಬಂದೆ. ಅದು ಮುಂಬೈ, ಚೆನ್ನೈ, ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿ ವಾತಾವರಣದ ಒತ್ತಡ ಸುಮಾರು 13.2. ಹಾಗಾಗಿ ಮುಂಬೈಯಲ್ಲಿ 11.3ಕ್ಕೆ ಇಡೋ ಮೀಟರನ್ನ ಬೆಂಗಳೂರಲ್ಲಿ 12.8ಕ್ಕೆ ಇಡಬೇಕು. ಅದೇ 22ರ ಲೈನಿಗೆ ಮಿಶ್ರಣ 71ರ ಬದಲು 74 ಪಾಲು. ಪುಣೆ, ಹೈದರಾಬಾದ್ ಎರಡೂ 550 ಮೀಟರ್ ಹತ್ತಿರ, ಮೀಟರು 12.2. ಬೆಂಗಳೂರಲ್ಲಿ ಕೆಲಸ ಕಲಿತವರು ಚೆನ್ನೈಗೆ ಬಂದು ಅದೇ ಅಂಕಿ ಇಟ್ರೆ ಬಿಯರ್ ಸ್ವಲ್ಪ ಜಾಸ್ತಿ ನೊರೆ ಬಿಡುತ್ತೆ, "ಚೆನ್ನೈ ಸೆಖೆಗೆ ಹೀಗೆ" ಅಂತ ಸೆಖೆಯನ್ನ ಬೈತಾರೆ. ಸೆಖೆಯದ್ದೂ ತಪ್ಪಿದೆ ಅನ್ನಿ. ಕೆಗ್ 3.3 ಡಿಗ್ರಿಯಿಂದ 6.7ಕ್ಕೆ ಏರಿದ್ರೆ ಹಿಡಿದಿಡೋಕೆ ಇನ್ನೂ 3 ಪಿಎಸ್‌ಐ ಬೇಕಾಗುತ್ತೆ. ಸಂಜೆ ಕರೆಂಟ್ ಹೋದಾಗ ಕೋಲ್ಡ್ ರೂಮ್ ಬಾಗಿಲು ತೆಗೆದಿಟ್ಟು ಸಾಮಾನು ಸಾಗಿಸೋರಿಗೆ ಇದನ್ನ ಹೇಳಿ.

ಸಿಲಿಂಡರ್ ಬಗ್ಗೆ ಎರಡು ಮಾತು. ನೈಟ್ರೋಜನ್ ಸಿಲಿಂಡರ್ ಒಳಗೆ ಬರೀ ಅನಿಲ. 150 ಬಾರ್ ತುಂಬಿದ್ದು 75ಕ್ಕೆ ಬಂದ್ರೆ ಅರ್ಧ ಮುಗಿದಿದೆ ಅಂತ ಅರ್ಥ. ಸಿಓಟು ಹಾಗಲ್ಲ. ಅದು ಒಳಗೆ ದ್ರವವಾಗಿರುತ್ತೆ. 20 ಡಿಗ್ರಿಯಲ್ಲಿ ಮೀಟರ್ 57 ಬಾರ್ ಆಸುಪಾಸು ತೋರಿಸ್ತಾನೇ ಇರುತ್ತೆ, ದ್ರವ ಮುಗಿಯೋವರೆಗೂ ಅಲ್ಲಾಡಲ್ಲ, ಮುಗಿದ ಮೇಲೆ ದಿಢೀರ್ ಅಂತ ಬೀಳುತ್ತೆ. ಅದೂ ಶುಕ್ರವಾರ ರಾತ್ರಿ ಒಂಬತ್ತಕ್ಕೆ. ಆದ್ದರಿಂದ ಸಿಓಟು ಸಿಲಿಂಡರನ್ನ ತೂಕ ಮಾಡಿ. 31 ಡಿಗ್ರಿ ದಾಟಿದ್ರೆ ಒಳಗೆ ದ್ರವ, ಅನಿಲ ಅನ್ನೋ ಭೇದವೇ ಉಳಿಯಲ್ಲ, ಮೇ ತಿಂಗಳಲ್ಲಿ ಹೊರಗಿಟ್ಟ ಸಿಲಿಂಡರ್ ಮೀಟರ್ ನೋಡಿ ಏನೂ ಹೇಳೋಕಾಗಲ್ಲ. ಸಿಓಟು ಜಾಸ್ತಿ ಇರೋ ಮಿಶ್ರಣವನ್ನ ಮೊದಲೇ ಬೆರೆಸಿ ತುಂಬೋಕೆ ಹೋದ್ರೂ ಇದೇ ತೊಂದರೆ. ಜೋರಾಗಿ ತುಂಬಿದ್ರೆ ದ್ರವವಾಗಿ ಬೇರೆಯಾಗುತ್ತೆ, ಅದಕ್ಕೇ ಕಡಿಮೆ ಒತ್ತಡದಲ್ಲಿ ತುಂಬ್ತಾರೆ, ಸಿಲಿಂಡರ್ ಬೇಗ ಖಾಲಿ. ಹಾಗಾಗಿ 70-30 ಬೇಕಾದವರು ಎರಡು ಬೇರೆ ಸಿಲಿಂಡರ್ ಇಟ್ಟು ಗೋಡೆಯ ಬ್ಲೆಂಡರಲ್ಲಿ ಬೆರೆಸೋದು ಮೇಲು. ಒಂದು ಗ್ಯಾಸ್ ಮುಗಿದ್ರೆ ಎರಡನ್ನೂ ತಾನಾಗೇ ನಿಲ್ಲಿಸೋ ಬ್ಲೆಂಡರ್ ತಗೊಳ್ಳಿ.

"ಗಾಳಿಯಲ್ಲಿ 78 ಪರ್ಸೆಂಟ್ ನೈಟ್ರೋಜನ್ ಇದೆಯಲ್ಲ, ಕಂಪ್ರೆಸರ್ ಹಾಕಿದ್ರೆ ಆಗಲ್ವಾ?" ಅಂತ ಕೇಳೋರಿದ್ದಾರೆ. ಆಗಲ್ಲ. ಉಳಿದದ್ದರಲ್ಲಿ ಆಕ್ಸಿಜನ್ ಇದೆ, ಒಂದೇ ದಿನಕ್ಕೆ ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗುತ್ತೆ, ಬ್ಯಾಕ್ಟೀರಿಯಾ ಸಿಕ್ಕಿದ್ರೆ ವಿನೆಗರ್. ಪೆಟ್ರೋಲ್ ಬಂಕಲ್ಲಿ ಟೈರಿಗೆ ತುಂಬೋ ನೈಟ್ರೋಜನ್ ಬಗ್ಗೆ ಕೂಡ ಒಬ್ಬರು ಕೇಳಿದ್ರು. ಬೇಡ ಮಾರಾಯ್ರೇ. ಬಿಯರ್‌ಗೆ ನೈಟ್ರೋಜನ್ ತಯಾರಿಸೋ ಯಂತ್ರ ಕನಿಷ್ಠ 99.7 ಪರ್ಸೆಂಟ್ ಶುದ್ಧ ಕೊಡಬೇಕು. ಸಿಓಟು ಕೂಡ ವೆಲ್ಡಿಂಗಿನದ್ದು ಬೇಡ, ಆಹಾರ ದರ್ಜೆಯದ್ದು ಅಂತ ಬರಹದಲ್ಲಿ ತಗೊಳ್ಳಿ.

ಕೊನೆಗೆ, ದುಡ್ಡಿಗಿಂತ ದೊಡ್ಡ ವಿಷಯ. ಆ ಬಾಣೇರಿನ ಬೇಸ್‌ಮೆಂಟಿಗೆ ನಾನು ಮೊದಲ ಸಲ ಇಳಿದಾಗ ಗ್ಯಾಸ್ ಲೆಕ್ಕಕ್ಕಿಂತ ಮೊದಲು ಕಣ್ಣಿಗೆ ಬಿದ್ದಿದ್ದು, ಸಿಲಿಂಡರುಗಳೆಲ್ಲ ಕೋಲ್ಡ್ ರೂಮಿನ ಒಳಗೇ ಇದ್ದದ್ದು. ಕೆಗ್ ಬದಲಾಯಿಸೋ ಹುಡುಗ, ಬೀದರ್ ಕಡೆಯವನು, ಇಪ್ಪತ್ತೆರಡು ವರ್ಷ ಇರಬಹುದು, ದಿನಕ್ಕೆ ಹತ್ತು ಸಲ ಒಳಗೆ ಹೋಗ್ತಿದ್ದ, ತಂಪು ಹೊರಗೆ ಹೋಗಬಾರದು ಅಂತ ಬಾಗಿಲು ಹಾಕ್ಕೊಂಡು. "ಒಳಗೆ ಹೋದ್ರೆ ತಲೆನೋವು ಬರುತ್ತೆ ಸರ್, ಥಂಡಿಗೆ" ಅಂದ. ಥಂಡಿಗಲ್ಲ. ಒಂದು ರೆಗ್ಯುಲೇಟರಿನ ವಾಷರ್ ಸಣ್ಣಗೆ ಸೋರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಮೂರು ಮೀಟರ್ ಉದ್ದ, ಮೂರು ಅಗಲ, 2.4 ಎತ್ತರದ ಕೋಣೆ ಅಂದ್ರೆ ಸುಮಾರು 21 ಘನ ಮೀಟರ್. ಒಂದು ಕೆಜಿ ಸಿಓಟು ಅನಿಲವಾದ್ರೆ ಐನೂರು ಲೀಟರಿಗಿಂತ ಜಾಸ್ತಿ. ಎರಡು ಕೆಜಿ ಸೋರಿದ್ರೆ ಸಾಕು, ಕೋಣೆಯ ಗಾಳಿಯಲ್ಲಿ 4 ಪರ್ಸೆಂಟ್ ದಾಟುತ್ತೆ. ಅಮೆರಿಕದ ಕಾರ್ಮಿಕ ಸುರಕ್ಷತೆಯವರು ಪ್ರಾಣಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿರೋ ಮಟ್ಟ ಅದೇ 4. ಎಂಟು ಗಂಟೆ ಕೆಲಸಕ್ಕೆ ಅವರು ಒಪ್ಪೋದು ಬರೀ ಅರ್ಧ ಪರ್ಸೆಂಟ್. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬೇಸ್‌ಮೆಂಟಲ್ಲಿ ಸೋರಿದ್ದು ಅಲ್ಲೇ ನಿಲ್ಲುತ್ತೆ. ನಮ್ಮೂರುಗಳಲ್ಲಿ ಹಾಳು ಬಾವಿಗೆ ಇಳಿಯೋ ಮುಂಚೆ ದೀಪ ಇಳಿಸಿ ನೋಡ್ತಿದ್ರಲ್ಲ, ಅದೇ ಭಯ ಇಲ್ಲಿ. ಆದ್ರೆ ದೀಪ ಉರೀತಾ ಇದ್ರೂ ಸಿಓಟು ಅಪಾಯದ ಮಟ್ಟದಲ್ಲಿರಬಹುದು, ಹಾಗಾಗಿ ಸೆನ್ಸರ್ರೇ ಬೇಕು. ಸೆನ್ಸರ್ ನೆಲದ ಹತ್ತಿರ, ಅದರ ಅಂಕಿ ತೋರಿಸೋ ಫಲಕ ಬಾಗಿಲ ಹೊರಗೆ. ಒಳಗಿಟ್ರೆ ಓದೋಕೆ ಒಳಗೇ ಹೋಗಬೇಕಲ್ಲ.

ನೈಟ್ರೋಜನ್ ಇನ್ನೂ ಮೋಸ. ಸಿಓಟು ಜಾಸ್ತಿ ಆದ್ರೆ ಉಸಿರು ಜೋರಾಗುತ್ತೆ, ತಲೆ ಸಿಡಿಯುತ್ತೆ, ದೇಹ ಕೂಗಿ ಹೇಳುತ್ತೆ. ನೈಟ್ರೋಜನ್ ತುಂಬಿದ್ರೆ ದೇಹಕ್ಕೆ ಗೊತ್ತೇ ಆಗಲ್ಲ, ಆಕ್ಸಿಜನ್ ಇಳಿದು ಮನುಷ್ಯ ಕುಸಿದು ಬೀಳ್ತಾನೆ ಅಷ್ಟೇ. ಸಿಓಟು ಸೆನ್ಸರ್ ಅದನ್ನ ಹಿಡಿಯಲ್ಲ. ಆದ್ದರಿಂದ ಮಿಶ್ರಣ ಬಳಸೋ ಜಾಗದಲ್ಲಿ ಆಕ್ಸಿಜನ್ ಸೆನ್ಸರ್ ಕೂಡ ಬೇಕು. ಮಾಮೂಲಿ ಗಾಳಿಯಲ್ಲಿ 20.9, ಅದು 19.5ಕ್ಕೆ ಇಳಿದಾಗ ಕೂಗಬೇಕು. ಕೂಗಿದ್ರೆ, ಅಥವಾ ಒಳಗೆ ಯಾರಾದ್ರೂ ಬಿದ್ದಿದ್ರೆ, ಯಾರೂ ಹಿಂದೆ ಓಡಿ ಹೋಗಬಾರದು. ಮ್ಯಾನ್‌ಹೋಲ್ ಸುದ್ದಿಗಳಲ್ಲಿ ಓದಿರ್ತೀರಿ, ಎರಡನೆಯವನು ಸಾಯೋದು ಕಾಪಾಡೋಕೆ ಹೋಗಿ. ಬಾಗಿಲು ಪೂರ್ತಿ ತೆಗೀರಿ, ಹೊರಗಿನಿಂದ ವಾಲ್ವ್ ಮುಚ್ಚಿ, ಫೋನ್ ಮಾಡಿ. ಹೊರಗಿನಿಂದ ಮುಚ್ಚೋಕೆ ಆಗಬೇಕಂದ್ರೆ ಸಿಲಿಂಡರ್ ಹೊರಗೇ ಇರಬೇಕು, ಗೋಡೆಗೆ ಸರಪಳಿ ಕಟ್ಟಿ.

ಬಾಣೇರಿನವರು ಸೆನ್ಸರ್ ಖರ್ಚು ಕೇಳಿ ಮೊದಲು ಮುಖ ಸಣ್ಣ ಮಾಡಿದ್ರು. ಎರಡು ವಾರ ಚರಂಡಿಗೆ ಸುರಿದ ಬಿಯರ್ ಬೆಲೆ ಪಕ್ಕದಲ್ಲಿ ಬರೆದು ತೋರಿಸಿದೆ. ಹಾಸನದವನು ಅಲ್ಲೇ ಫೋನ್ ತೆಗೆದು ಆರ್ಡರ್ ಮಾಡಿದ. ಸಿಲಿಂಡರುಗಳು ಮಾರನೇ ದಿನ ಹೊರಗೆ ಬಂದವು.

ಲೈನ್ ಕ್ಲೀನಿಂಗ್ ಬಗ್ಗೆ ತುಂಬಾ ಜನ ಕೇಳಿದ್ದೀರಿ, ಅದಕ್ಕೆ ಇನ್ನೊಂದು ದಿನ ಬೇಕು. ನಿಮ್ಮ ಬಾರಿನ ಲೆಕ್ಕ ಕಳಿಸೋರು ನಾಲ್ಕು ಅಂಕಿ ಮರೀದೆ ಬರೀರಿ: ಊರು, ಕೆಗ್ಗಿನ ತಾಪಮಾನ, ಪೈಪಿನ ಉದ್ದ, ಎತ್ತರ. ಬಿಯರಿನ ಹೆಸರೂ ಇರಲಿ.